ಮಾದರಿ ದೋಣಿಗೆ ಮುಚ್ಚಳವೇ ಕಾವಲು: ಹಿಡಿಯುವುದು ಬೇರೆ, ಸೋರದಂತೆ ತಡೆಯುವುದು ಬೇರೆ

ರಿಮೋಟ್ ನಿಯಂತ್ರಣದಿಂದ ಚಲಿಸುವ ಮಾದರಿ ದೋಣಿಯೊಂದು ನೀರಿನ ನಡುವೆ ಇದ್ದಕ್ಕಿದ್ದಂತೆ ನಿಂತುಹೋದರೆ ನೋಡುಗರ ಸಂಶಯ ಮೊದಲು ಮೋಟಾರಿನ ಮೇಲೆ, ಆನಂತರ ಬ್ಯಾಟರಿಯ ಮೇಲೆ ಹೋಗುತ್ತದೆ. ದಡಕ್ಕೆ ತಂದು ಬಿಚ್ಚಿ ನೋಡಿದಾಗ ಅನೇಕ ಬಾರಿ ಅವೆರಡಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಒಡಲಿನೊಳಗೆ ನಿಂತ ನೀರು. ಆ ನೀರು ಬಂದ ದಾರಿಯನ್ನು ಹುಡುಕುತ್ತಾ ಹೋದರೆ ಡೆಕ್ ಮೇಲಿನ ಮುಚ್ಚಳದ ಅಂಚಿಗೆ ತಲುಪುವ ಸಾಧ್ಯತೆ ಹೆಚ್ಚು.

ಬ್ಯಾಟರಿ ಬದಲಿಸಲು, ಮೋಟಾರು ಹಾಗೂ ಚುಕ್ಕಾಣಿಯ ಸರ್ವೊ ಪರೀಕ್ಷಿಸಲು ದೋಣಿಯ ಡೆಕ್‌ನಲ್ಲಿ ಒಂದು ಬಾಯಿ ಇರಲೇಬೇಕು. ಈ ಬಾಯಿ ಮತ್ತು ಅದರ ಮುಚ್ಚಳವನ್ನು ನಾವಿಕರ ಭಾಷೆಯಲ್ಲಿ ಹ್ಯಾಚ್ ಎನ್ನುತ್ತಾರೆ. ಉಳಿದ ಒಡಲನ್ನು ಒಮ್ಮೆ ಅಂಟಿಸಿ, ಬಣ್ಣ ಬಳಿದರೆ ವರ್ಷಗಟ್ಟಲೆ ನೀರು ತಡೆಯುತ್ತದೆ. ಹ್ಯಾಚ್ ಮಾತ್ರ ಪ್ರತಿ ಬಾರಿಯೂ ತೆರೆಯಬೇಕು, ಪ್ರತಿ ಬಾರಿಯೂ ಹೊಸದಾಗಿ ನೀರು ತಡೆಯಬೇಕು. ಇಡೀ ದೋಣಿಯಲ್ಲಿ ಅತ್ಯಂತ ದುರ್ಬಲ ಸ್ಥಳ ಇದೇ ಆಗಿರುವುದಕ್ಕೆ ಕಾರಣವೂ ಅದೇ.

ಇಲ್ಲಿ ಸಾಮಾನ್ಯವಾಗಿ ಆಗುವ ಗೊಂದಲವೆಂದರೆ, ಮುಚ್ಚಳ ಗಟ್ಟಿಯಾಗಿ ಕುಳಿತಿದ್ದರೆ ನೀರು ಬರುವುದಿಲ್ಲ ಎಂದು ಭಾವಿಸುವುದು. ಊಟದ ಟಿಫಿನ್ ಕ್ಯಾರಿಯರ್ ಮತ್ತು ಅಡುಗೆಮನೆಯ ಕುಕ್ಕರ್ ಇವೆರಡನ್ನು ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಕ್ಯಾರಿಯರಿನ ಕೊಂಡಿ ಎಷ್ಟೇ ಬಿಗಿಯಾಗಿದ್ದರೂ ಬಸ್ಸಿನಲ್ಲಿ ವಾಲಿದಾಗ ಸಾರು ಸೋರುತ್ತದೆ. ಅದರ ಕೊಂಡಿ ಡಬ್ಬಿಗಳನ್ನು ಹಿಡಿದಿಡುತ್ತದೆಯೇ ಹೊರತು ಸಂದನ್ನು ಮುಚ್ಚುವುದಿಲ್ಲ. ಕುಕ್ಕರಿನಲ್ಲಿ ಹಿಡಿಯುವ ಕೆಲಸ ಮುಚ್ಚಳದ್ದು, ತಡೆಯುವ ಕೆಲಸ ರಬ್ಬರ್ ಗ್ಯಾಸ್ಕೆಟ್‌ನದು. ಮಾದರಿ ದೋಣಿಯ ಹ್ಯಾಚ್‌ಗೂ ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಯೋಚಿಸಿ ವ್ಯವಸ್ಥೆ ಮಾಡಬೇಕಾಗುತ್ತದೆ.

ಒಂದು ಲೀಟರ್ ನೀರಿನ ಪರಿಣಾಮ

ರೇಡಿಯೊ ನಿಯಂತ್ರಿತ ಹಾಯಿದೋಣಿಗಳಲ್ಲಿ ಜನಪ್ರಿಯವಾದ ಇಂಟರ್‌ನ್ಯಾಷನಲ್ ಒನ್ ಮೀಟರ್ ವರ್ಗದ ದೋಣಿಯ ಒಡಲಿನ ಉದ್ದ ಹೆಚ್ಚೆಂದರೆ 1 ಮೀಟರ್, ತೂಕ ಕನಿಷ್ಠ 4 ಕೆ.ಜಿ. ಇಂಥ ದೋಣಿಯೊಳಗೆ 1 ಲೀಟರ್ ನೀರು ಸೇರಿದರೆ ತೂಕ ಒಮ್ಮೆಲೇ ಕಾಲುಭಾಗದಷ್ಟು ಹೆಚ್ಚುತ್ತದೆ. ಡೆಕ್ ನೀರಿಗೆ ಹತ್ತಿರವಾಗುತ್ತದೆ, ಅಲೆಗಳು ಹ್ಯಾಚ್ ಮೇಲೆ ಹೆಚ್ಚು ಬಾರಿ ಹಾಯುತ್ತವೆ, ಸೋರಿಕೆ ಇನ್ನಷ್ಟು ವೇಗ ಪಡೆಯುತ್ತದೆ.

ತೂಕಕ್ಕಿಂತ ಅಪಾಯಕಾರಿಯಾದುದು ನೀರಿನ ಚಲನೆ. ತಟ್ಟೆಯಲ್ಲಿ ನೀರು ತುಂಬಿಸಿ ಎತ್ತಿಕೊಂಡು ನಡೆದವರಿಗೆ ಇದರ ಅನುಭವವಿರುತ್ತದೆ. ದೋಣಿ ಎಡಕ್ಕೆ ವಾಲಿದರೆ ಒಳಗಿನ ನೀರೆಲ್ಲ ಎಡಕ್ಕೇ ಹರಿದು ಅದನ್ನು ಮತ್ತಷ್ಟು ವಾಲಿಸುತ್ತದೆ. ಕೆಳಗೆ ಭಾರವಾದ ಗುಂಡು ಹೊತ್ತ ಹಾಯಿದೋಣಿ ಇದನ್ನು ಸ್ವಲ್ಪಮಟ್ಟಿಗೆ ತಾಳಿಕೊಂಡೀತು. ಗುಂಡಿಲ್ಲದ ಮೋಟಾರು ದೋಣಿ ಮಗುಚಿಕೊಳ್ಳುತ್ತದೆ.

ನೀರು ಹೆಚ್ಚು ಬರದಿದ್ದರೂ ಹಾನಿ ತಪ್ಪುವುದಿಲ್ಲ. ರಿಸೀವರ್ ಒದ್ದೆಯಾದರೆ ದೋಣಿ ನಿಯಂತ್ರಣ ತಪ್ಪುತ್ತದೆ. ಕೆರೆಯ ನೀರು ನಿಧಾನವಾಗಿ ತುಕ್ಕು ಹಿಡಿಸಿದರೆ, ವಿದ್ಯುತ್ ಸುಲಭವಾಗಿ ಹರಿಯುವ ಸಮುದ್ರದ ಉಪ್ಪುನೀರು ಕೆಲವೇ ನಿಮಿಷಗಳಲ್ಲಿ ಸಂಪರ್ಕಗಳನ್ನು ತಿಂದುಹಾಕುತ್ತದೆ. ನೀರು ಹೊಕ್ಕ ಲಿಥಿಯಂ ಪಾಲಿಮರ್ ಬ್ಯಾಟರಿ ನಂತರ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಅಂಥ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡದೆ, ಮನೆಯಿಂದ ಹೊರಗೆ, ಬೆಂಕಿ ತಗುಲುವ ವಸ್ತುಗಳಿಂದ ದೂರವಿಡಬೇಕು.

ಇವೆಲ್ಲಕ್ಕಿಂತ ದೊಡ್ಡ ಅಪಾಯ ದಡದಲ್ಲಿ ನಿಂತವರದು. ಕೆಟ್ಟು ನಿಂತ ದೋಣಿಯನ್ನು ತರಲು ಹುಡುಗರು ನೀರಿಗಿಳಿಯುವುದು ಸಹಜ. ಹೂಳು ತುಂಬಿದ, ಜೊಂಡು ಬೆಳೆದ ಕೆರೆಯಲ್ಲಿ ಈಜು ಬಲ್ಲವರೂ ಸಿಕ್ಕಿಕೊಳ್ಳುತ್ತಾರೆ. ಮುಚ್ಚಳದ ಅಂಚಿಗೆ ಕೊಡುವ ಗಮನ ಈ ದೃಷ್ಟಿಯಿಂದ ಬರೀ ಹವ್ಯಾಸದ ಶಿಸ್ತಲ್ಲ.

ದೊಡ್ಡ ಹಡಗುಗಳ ಪಾಠ

ರೇಡಿಯೊ ಮೂಲಕ ದೋಣಿ ನಡೆಸುವ ಪ್ರಯೋಗ ಇಂದು ನಿನ್ನೆಯದಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇಂಥ ದೋಣಿಯೊಂದನ್ನು ಸಾರ್ವಜನಿಕರ ಮುಂದೆ ನಡೆಸಿ ತೋರಿಸಿದರು. ಅದೇ ವರ್ಷ ನವೆಂಬರ್ 8ರಂದು ಅವರಿಗೆ ಅದರ ಪೇಟೆಂಟ್ ದೊರೆಯಿತು. ಬ್ಯಾಟರಿ, ಮೋಟಾರು, ರೇಡಿಯೊ ಗ್ರಾಹಕಗಳನ್ನು ಒಡಲಿನೊಳಗೆ ಒಣಗಿದಂತೆ ಇಡಬೇಕಾದ ಅಗತ್ಯ ಅಂದಿನಿಂದಲೂ ಇದೆ.

ಹ್ಯಾಚ್‌ನ ವಿಜ್ಞಾನ ಬೆಳೆದದ್ದು ಮಾತ್ರ ಸರಕು ಹಡಗುಗಳಲ್ಲಿ, ಅದೂ ದುಬಾರಿ ಬೆಲೆ ತೆತ್ತು. 1975ರ ನವೆಂಬರ್ 10ರಂದು ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಎಡ್ಮಂಡ್ ಫಿಟ್ಜರಾಲ್ಡ್ ಎಂಬ ಅದಿರು ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿ, ಅದರಲ್ಲಿದ್ದ 29 ಮಂದಿಯೂ ಸಾವಿಗೀಡಾದರು. ಹ್ಯಾಚ್‌ಗಳು ಸರಿಯಾಗಿ ಮುಚ್ಚಿಕೊಳ್ಳದೆ ನೀರು ಒಳಹೊಕ್ಕಿದ್ದೇ ಬಹುಮಟ್ಟಿಗೆ ಕಾರಣವೆಂದು ಅಲ್ಲಿನ ಕರಾವಳಿ ರಕ್ಷಣಾ ಪಡೆಯ ತನಿಖೆ ಹೇಳಿತು. ಅಲೆಗಳ ಭಾರಕ್ಕೆ ಹ್ಯಾಚ್ ಮುಚ್ಚಳಗಳೇ ಕುಸಿದವೆಂಬುದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಭಿಪ್ರಾಯವಾಗಿತ್ತು. ಬೇರೆ ಕಾರಣಗಳನ್ನು ಮುಂದಿಡುವವರೂ ಇದ್ದು, ಚರ್ಚೆ ಮುಗಿದಿಲ್ಲ. ಆದರೆ ಸೋರಿಕೆ ಮತ್ತು ಕುಸಿತ ಎರಡು ಬೇರೆ ಬೇರೆ ವೈಫಲ್ಯಗಳೆಂಬುದನ್ನು ಈ ಎರಡು ವರದಿಗಳು ಸ್ಪಷ್ಟವಾಗಿ ತೋರಿಸುತ್ತವೆ.

1980ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಸಮೀಪ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ ಬ್ರಿಟನ್ನಿನ ಡರ್ಬಿಶೈರ್ ಹಡಗಿನಲ್ಲಿ 44 ಮಂದಿ ಪ್ರಾಣ ಕಳೆದುಕೊಂಡರು. 2000ರಲ್ಲಿ ಹೊರಬಂದ ಮರುತನಿಖೆಯ ವರದಿಯ ಪ್ರಕಾರ, ಮೂತಿಯ ಭಾಗದ ಗಾಳಿಕೊಳವೆಗಳು ಮುರಿದು ಮೊದಲು ಅಲ್ಲಿ ನೀರು ತುಂಬಿತು. ಮೂತಿ ತಗ್ಗಿದ ಮೇಲೆ ಅಲೆಗಳು ಮುಂದಿನ ಹ್ಯಾಚ್ ಮುಚ್ಚಳವನ್ನು ಒಡೆದವು. ಸಣ್ಣ ಸೋರಿಕೆಯೊಂದು ದೊಡ್ಡ ಮುಚ್ಚಳದ ಮೇಲೆ ಭಾರ ಹೇರುವ ಈ ಸರಣಿ ಮಾದರಿ ದೋಣಿಯಲ್ಲಿಯೂ ಹಾಗೆಯೇ ನಡೆಯುತ್ತದೆ.

ಮೊದಲು ಕಟ್ಟೆ, ಆಮೇಲೆ ಮುಚ್ಚಳ

ಹರಿಯುವ ನೀರು ಒಳಗೆ ಬೀಳದಂತೆ ಬಾವಿಗೆ ಕಟ್ಟೆ ಕಟ್ಟುವುದು ಎಲ್ಲರಿಗೂ ಗೊತ್ತು. ಹ್ಯಾಚ್‌ನ ಬಾಯಿಯ ಸುತ್ತ ಎತ್ತರಿಸುವ ಇಂಥದೇ ಅಂಚಿಗೆ ಕೋಮಿಂಗ್ ಎಂದು ಹೆಸರು. 1966ರ ಅಂತರರಾಷ್ಟ್ರೀಯ ಲೋಡ್ ಲೈನ್ ಒಪ್ಪಂದವು ಹಡಗಿನಲ್ಲಿ ಅಲೆಗಳಿಗೆ ಹೆಚ್ಚು ತೆರೆದುಕೊಂಡ ಸ್ಥಳಗಳಲ್ಲಿ ಈ ಕಟ್ಟೆ ಕನಿಷ್ಠ 600 ಮಿಲಿಮೀಟರ್, ಉಳಿದ ತೆರೆದ ಸ್ಥಳಗಳಲ್ಲಿ 450 ಮಿಲಿಮೀಟರ್ ಎತ್ತರವಿರಬೇಕೆಂದು ನಿಗದಿಪಡಿಸಿತು.

ಐವತ್ತನೇ ಒಂದು ಪಾಲು ಗಾತ್ರದ ಮಾದರಿಯಲ್ಲಿ 600 ಮಿಲಿಮೀಟರ್ ಎಂದರೆ 12 ಮಿಲಿಮೀಟರ್. ಆದರೆ ಇಲ್ಲಿ ಒಂದು ಎಚ್ಚರ ಬೇಕು. ದೋಣಿಯನ್ನು ಕಿರಿದು ಮಾಡಬಹುದು, ಕೆರೆಯ ಅಲೆಯನ್ನು ಕಿರಿದು ಮಾಡಲಾಗದು. ಗಾಳಿಗೆ ಏಳುವ 10 ಸೆಂಟಿಮೀಟರ್ ಅಲೆ ಇಂಥ ಮಾದರಿಯ ಪಾಲಿಗೆ 5 ಮೀಟರ್ ಎತ್ತರದ ಸಮುದ್ರದ ಅಲೆಗೆ ಸಮ. ಆದ್ದರಿಂದ ನೋಟಕ್ಕೆ ಧಕ್ಕೆಯಾಗದಷ್ಟು ಮಟ್ಟಿಗೆ ಕಟ್ಟೆಯನ್ನು ಅಳತೆಗಿಂತ ಎತ್ತರ ಮಾಡುವುದು ಲೇಸು.

ಹಡಗಿನ ಮಾದರಿಗಳಲ್ಲಿ ಇದಕ್ಕೆ ಸುಲಭ ಉಪಾಯವಿದೆ. ಡೆಕ್ ಮೇಲಿನ ಕ್ಯಾಬಿನ್ ಭಾಗವನ್ನೇ ಮುಚ್ಚಳವಾಗಿಸಿ, ಅದು ಕಟ್ಟೆಯ ಹೊರಗಿನಿಂದ ಇಳಿದು ಡೆಕ್ಕಿನವರೆಗೆ ಕೂರುವಂತೆ ಮಾಡಿದರೆ ಕಟ್ಟೆ ಕಣ್ಣಿಗೆ ಬೀಳುವುದಿಲ್ಲ. ಹಿಟ್ಟಿನ ಡಬ್ಬಿಯ ಮುಚ್ಚಳ ಡಬ್ಬಿಯ ಬಾಯಿಯನ್ನು ಹೊರಗಿನಿಂದ ಆವರಿಸುವ ರೀತಿಯೇ ಇದು. ನೀರು ಒಳಗೆ ಬರಬೇಕಾದರೆ ಮೊದಲು ಮೇಲಕ್ಕೆ ಏರಬೇಕು. ಟಗ್, ಮೀನುಗಾರಿಕೆ ದೋಣಿಗಳಂಥ ನಿಧಾನಗತಿಯ ಮಾದರಿಗಳಿಗೆ ಎಷ್ಟೋ ವೇಳೆ ಇಷ್ಟೇ ಸಾಕಾಗುತ್ತದೆ. ಉಗಿ ಅಥವಾ ಇಂಧನದ ಎಂಜಿನ್ ಇರುವ ದೋಣಿಗೆ ಗಾಳಿ ಬೇಕಾದ್ದರಿಂದ ಪೂರ್ತಿ ಮುಚ್ಚುವಂತೆಯೇ ಇಲ್ಲ. ಅಲ್ಲಿ ಎತ್ತರದ ಕಟ್ಟೆಯೇ ಮುಖ್ಯ ರಕ್ಷಣೆ.

ಹಿಡಿತಕ್ಕೆ ಏನು?

ಮುಚ್ಚಳ ಹಿಡಿದಿಡಲು ಸ್ಕ್ರೂ, ತಿರುಗು ಕೊಂಡಿ, ಒಳಗಿನಿಂದ ಎಳೆದುಕಟ್ಟಿದ ರಬ್ಬರ್ ಬ್ಯಾಂಡ್, ಆಯಸ್ಕಾಂತ ಇವೆಲ್ಲ ಬಳಕೆಯಲ್ಲಿವೆ. ಹೊರಗೆ ಏನೂ ಕಾಣದಂತೆ ಹಿಡಿಯುವುದರಿಂದ ನಿಯೋಡಿಮಿಯಂ ಆಯಸ್ಕಾಂತಗಳು ಹೆಚ್ಚು ಮೆಚ್ಚುಗೆ ಪಡೆದಿವೆ. ಆದರೆ ಅವುಗಳ ಬಲ ಅಂತರ ಹೆಚ್ಚಿದಂತೆ ಬಹುಬೇಗ ಕುಗ್ಗುತ್ತದೆ. ಮುಚ್ಚಳ ಮತ್ತು ಕಟ್ಟೆಯ ನಡುವೆ ಫೋಮ್ ಪಟ್ಟಿ ಅಂಟಿಸಿದಾಗ ಆಯಸ್ಕಾಂತಗಳ ನಡುವೆ 2 ಮಿಲಿಮೀಟರ್ ಸಂದು ಉಳಿದರೂ ಹಿಡಿತ ಸಾಕಷ್ಟು ಸಡಿಲವಾಗುತ್ತದೆ. ಫೋಮ್ ಒತ್ತಿಕೊಂಡ ಸ್ಥಿತಿಯಲ್ಲಿ ಆಯಸ್ಕಾಂತಗಳು ಪರಸ್ಪರ ತಾಗುವಂತೆ ಅವುಗಳ ಎತ್ತರ ಹೊಂದಿಸಬೇಕು.

ಈ ಆಯಸ್ಕಾಂತಗಳ ಮೇಲಿನ ನಿಕಲ್ ಲೇಪ ಕಿತ್ತರೆ ಒಳಗಿನ ಲೋಹ ಬೇಗ ತುಕ್ಕು ಹಿಡಿದು ಉದುರುತ್ತದೆ. ಎಪಾಕ್ಸಿ ಅಂಟಿನಲ್ಲಿ ಮುಳುಗಿಸಿ ಕೂರಿಸುವುದರಿಂದ ಇದನ್ನು ತಡೆಯಬಹುದು. ದಿಕ್ಸೂಚಿ ಇರುವ ಮಾದರಿಗಳಲ್ಲಿ ಅವನ್ನು ದಿಕ್ಸೂಚಿಯಿಂದ ದೂರವಿಡಬೇಕು. ಇಂಥ ಒಂದಕ್ಕಿಂತ ಹೆಚ್ಚು ಆಯಸ್ಕಾಂತಗಳನ್ನು ಮಕ್ಕಳು ನುಂಗಿದರೆ ಕರುಳಿಗೆ ತೂತು ಬೀಳುವ ಅಪಾಯವಿರುವುದರಿಂದ ಬಿಡಿ ಚೂರುಗಳು ಅವರ ಕೈಗೆ ಸಿಗಬಾರದು.

ಒಂದು ತುದಿಯಲ್ಲಿ ಡೆಕ್ಕಿನ ಕೆಳಗೆ ತೂರುವ ನಾಲಗೆಯಂಥ ಪಟ್ಟಿ, ಇನ್ನೊಂದು ತುದಿಯಲ್ಲಿ ಆಯಸ್ಕಾಂತ ಅಥವಾ ಕೊಂಡಿ ಇರುವ ವ್ಯವಸ್ಥೆ ಸರಳವೂ ನಂಬಿಕೆಗೆ ಯೋಗ್ಯವೂ ಆಗಿದೆ. ನಾಲಗೆ ಮೂತಿಯ ಕಡೆಗಿರಬೇಕು. ಎದುರಿನಿಂದ ನುಗ್ಗುವ ನೀರು ಮುಚ್ಚಳವನ್ನು ಎಬ್ಬಿಸಲು ನೋಡುವುದು ಆ ಕಡೆಯಿಂದಲೇ. ಎಷ್ಟೇ ಗಟ್ಟಿಯಾಗಿದ್ದರೂ ಮುಚ್ಚಳಕ್ಕೆ ಒಳಗಿನಿಂದ ಒಂದು ದಾರ ಕಟ್ಟಿರುವುದು ಒಳ್ಳೆಯದು. ದೋಣಿ ಮಗುಚಿದಾಗ ಮುಚ್ಚಳ ಕಳಚಿದರೂ ಕಳೆದುಹೋಗುವುದಿಲ್ಲ.

ತಡೆಗೆ ಏನು?

ಸಂದು ಮುಚ್ಚಲು ಬಳಸುವ ಫೋಮ್ ಪಟ್ಟಿಗಳಲ್ಲಿ ಎರಡು ಬಗೆಯಿವೆ. ಪಾತ್ರೆ ತೊಳೆಯುವ ಸ್ಪಂಜಿನಂತೆ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡ ಫೋಮ್ ನೀರನ್ನು ತಡೆಯುವ ಬದಲು ಹೀರಿಕೊಂಡು ಒಳಗೆ ಬಿಡುತ್ತದೆ. ಪ್ರತಿ ಗುಳ್ಳೆಯೂ ಮುಚ್ಚಿರುವ ನಿಯೋಪ್ರೀನ್ ಅಥವಾ ಇ.ವಿ.ಎ. ಫೋಮ್ ಮಾತ್ರ ಈ ಕೆಲಸಕ್ಕೆ ತಕ್ಕದ್ದು. ಚೂರೊಂದನ್ನು ನೀರಿನಲ್ಲಿ ಅದುಮಿ ಬಿಟ್ಟು, ಹೊರತೆಗೆದು ಹಿಂಡಿದರೆ ಯಾವುದು ಯಾವ ಬಗೆಯೆಂದು ಕೂಡಲೇ ಗೊತ್ತಾಗುತ್ತದೆ. ಪಟ್ಟಿಯ ಎರಡು ತುದಿಗಳು ಸೇರುವ ಜಾಗ ಮೂಲೆಯಲ್ಲಿ ಬರದಂತೆ, ನೇರ ಅಂಚಿನ ನಡುವೆ ಬರುವಂತೆ ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಸೀಲಂಟ್‌ನಿಂದ ಹ್ಯಾಚ್‌ನ ಅಳತೆಗೇ ಗ್ಯಾಸ್ಕೆಟ್ ಎರಕ ಹೊಯ್ಯುವ ವಿಧಾನವೂ ಇದೆ. ಕಟ್ಟೆಯ ಮೇಲಂಚಿಗೆ ಸೀಲಂಟ್‌ನ ಎಳೆ ಹಾಕಿ, ಮುಚ್ಚಳಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಹಗುರವಾಗಿ ಕೂರಿಸಿ, ಪೂರ್ತಿ ಗಟ್ಟಿಯಾದ ಮೇಲೆ ತೆಗೆದರೆ ಎರಡರ ನಡುವಿನ ಏರುತಗ್ಗುಗಳಿಗೆ ತಕ್ಕ ರಬ್ಬರ್ ಅಂಚು ದೊರೆಯುತ್ತದೆ. ವಿನೆಗರ್ ವಾಸನೆ ಬರುವ ಸೀಲಂಟ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಇದು ತಾಮ್ರದ ಸಂಪರ್ಕಗಳಿಗೆ ಹಾನಿಕರವಾದ್ದರಿಂದ ಎಲೆಕ್ಟ್ರಾನಿಕ್ ಭಾಗಗಳನ್ನು ಹೊರತೆಗೆದು, ಗಾಳಿಯಾಡುವಲ್ಲಿ ಈ ಕೆಲಸ ಮಾಡಬೇಕು. ಸಿಲಿಕೋನ್ ತಾಗಿದ ಜಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ಬಣ್ಣದ ಕೆಲಸ ಅದಕ್ಕೆ ಮೊದಲೇ ಮುಗಿದಿರಬೇಕು.

ರಬ್ಬರ್ ಅಂಚಿಗೆ ತೆಳುವಾಗಿ ಗ್ರೀಸ್ ಸವರಿದರೆ ಸೂಕ್ಷ್ಮ ಸಂದುಗಳೂ ಮುಚ್ಚುತ್ತವೆ. ನೈಸರ್ಗಿಕ ರಬ್ಬರಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಅದು ಉಬ್ಬಿ ಕೆಡುತ್ತದೆ. ಅಲ್ಲಿ ಸಿಲಿಕೋನ್ ಗ್ರೀಸ್ ಬಳಸಬೇಕು. ಸಿಲಿಕೋನ್‌ನಿಂದಲೇ ಎರಕ ಹೊಯ್ದ ಅಂಚಿಗೆ ಮಾತ್ರ ಅದೇ ಸಿಲಿಕೋನ್ ಗ್ರೀಸ್ ಹಚ್ಚಿದರೆ ಕ್ರಮೇಣ ಉಬ್ಬುವುದರಿಂದ ಅಲ್ಲಿ ಅದನ್ನು ಬಿಡುವುದೇ ಸರಿ.

ಸ್ಪರ್ಧೆಯ ವೇಗದ ದೋಣಿಗಳ ಸ್ಥಿತಿ ಬೇರೆ. ಅವು ಮಗುಚಿಕೊಂಡು ತಲೆಕೆಳಗಾಗಿ ತೇಲುವುದು ಸಾಮಾನ್ಯ. ಆಗ ಕಟ್ಟೆಯ ಎತ್ತರ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಆದ್ದರಿಂದ ಮುಚ್ಚಳದ ಸುತ್ತಲೂ ಪಾರದರ್ಶಕ ಅಂಟುಪಟ್ಟಿ ಹಚ್ಚಿ ಸಂದನ್ನು ಪೂರ್ತಿ ಮುಚ್ಚುವುದು ರೂಢಿ. ಇಲ್ಲಿ ಹಿಡಿತ, ತಡೆ ಎರಡನ್ನೂ ಪಟ್ಟಿಯೇ ನಿರ್ವಹಿಸುತ್ತದೆ. ಮೇಲ್ಮೈ ಒಣಗಿದ್ದು, ಎಣ್ಣೆ ಜಿಡ್ಡಿಲ್ಲದಿದ್ದರೆ ಮಾತ್ರ ಅದು ಅಂಟುತ್ತದೆ. ಒಮ್ಮೆ ಕಿತ್ತ ಪಟ್ಟಿಯನ್ನು ಮತ್ತೆ ಹಚ್ಚುವುದು ಉಳಿತಾಯವಲ್ಲ.

ಬಿಸಿಲು ತರುವ ಸೋರಿಕೆ

ಚೆನ್ನಾಗಿ ಮುಚ್ಚಿದ ದೋಣಿಯೂ ಕೆಲವೊಮ್ಮೆ ನೀರು ಎಳೆದುಕೊಳ್ಳುವುದಕ್ಕೆ ಒಳಗಿನ ಗಾಳಿ ಕಾರಣ. ಮುಚ್ಚಳ ಹಾಕಿ ಬಿಸಿಲಿನಲ್ಲಿಟ್ಟ ದೋಣಿಯೊಳಗಿನ ಗಾಳಿ 45 ಡಿಗ್ರಿ ಸೆಲ್ಸಿಯಸ್‌ಗೆ ಏರಿದೆಯೆಂದಿಟ್ಟುಕೊಳ್ಳೋಣ. ಬಿಸಿ ಗಾಳಿ ಹಿಗ್ಗಿ ಒಂದಿಷ್ಟು ಸಂದಿನಿಂದ ಹೊರಹೋಗುತ್ತದೆ. ಅದೇ ದೋಣಿಯನ್ನು 25 ಡಿಗ್ರಿಯ ನೀರಿಗಿಳಿಸಿದಾಗ ಉಳಿದ ಗಾಳಿ ತಣಿದು, ಒಳಗಿನ ಒತ್ತಡ ಸುಮಾರು ಶೇ 6ರಷ್ಟು ಇಳಿಯಬಹುದು. ಕೇಳಲು ಅಲ್ಪವೆನಿಸಿದರೂ ಇದು ಅರ್ಧ ಮೀಟರಿಗಿಂತ ಹೆಚ್ಚು ಆಳದ ನೀರು ಹೇರುವ ಒತ್ತಡಕ್ಕೆ ಸಮ. ಒಡಲು ಪೂರ್ತಿ ಗಾಳಿಬಿಗಿಯಾಗಿದ್ದರೆ 20 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ 10 ಕೆ.ಜಿ.ಗೂ ಹೆಚ್ಚು ಭಾರ ಇಟ್ಟಂತಾಗುತ್ತದೆ. ಅಂಚಿನ ಮೇಲೆ ನಿಂತ ನೀರು ಸಿಕ್ಕ ಸಂದಿನಿಂದ ಒಳಕ್ಕೆ ಎಳೆಯಲ್ಪಡುತ್ತದೆ.

ಪರಿಹಾರ ಸುಲಭ. ನೀರಿಗಿಳಿಸುವವರೆಗೂ ದೋಣಿಯನ್ನು ನೆರಳಿನಲ್ಲಿ, ಮುಚ್ಚಳ ತೆರೆದು ಇಡಬೇಕು. ಮೋಟಾರು ಹೆಚ್ಚು ಬಿಸಿಯಾಗುವ ದೋಣಿಗಳಲ್ಲಿ ನೀರು ತಾಗದಷ್ಟು ಎತ್ತರದಲ್ಲಿ, ಹೊಗೆಕೊಳವೆ ಅಥವಾ ಕ್ಯಾಬಿನ್ನಿನೊಳಗೆ, ಗಾಳಿಗೆ ಸಣ್ಣ ರಂಧ್ರ ಬಿಡಬಹುದು. ಓಟ ಮುಗಿದ ಕೂಡಲೇ ಮುಚ್ಚಳ ತೆಗೆದರೆ ಒಳಗಿನ ತೇವವೂ ಆರುತ್ತದೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವ ಸಂಭವವಿರುವುದರಿಂದ ಮುಚ್ಚಿದ ಒಡಲಿನೊಳಗೆ ಎಂದಿಗೂ ಚಾರ್ಜ್ ಮಾಡಬಾರದು.

ಮನೆಯಲ್ಲೇ ಪರೀಕ್ಷೆ

ಹಡಗುಗಳಲ್ಲಿ ಹ್ಯಾಚ್ ಪರೀಕ್ಷಿಸಲು ಸೀಮೆಸುಣ್ಣದ ವಿಧಾನವಿದೆ. ಕಟ್ಟೆಯ ಅಂಚಿಗೆ ಸುಣ್ಣ ಬಳಿದು, ಮುಚ್ಚಳ ಮುಚ್ಚಿ ತೆಗೆದು, ಗ್ಯಾಸ್ಕೆಟ್ ಮೇಲೆ ಗೆರೆ ಎಲ್ಲಿಯೂ ಕಡಿಯದೆ ಮೂಡಿದೆಯೇ ಎಂದು ನೋಡುತ್ತಾರೆ. ಮಾದರಿ ದೋಣಿಗೂ ಇದು ನೇರವಾಗಿ ಅನ್ವಯಿಸುತ್ತದೆ. ದಿನಪತ್ರಿಕೆಯ ಕಾಗದದ ಪಟ್ಟಿಯನ್ನು ಸಂದಿನಲ್ಲಿಟ್ಟು ಮುಚ್ಚಿ ಎಳೆದು ನೋಡುವುದು ಇನ್ನೊಂದು ವಿಧಾನ. ಕಾಗದ ಸಲೀಸಾಗಿ ಜಾರಿಬಂದರೆ ಅಲ್ಲಿ ಒತ್ತಡ ಸಾಲದು ಎಂದರ್ಥ.

ಕೊನೆಯದು ನೀರಿನ ಪರೀಕ್ಷೆ. ಎಲೆಕ್ಟ್ರಾನಿಕ್ ಭಾಗಗಳನ್ನು ತೆಗೆದು, ಅಷ್ಟೇ ತೂಕದ ಮರಳು ಚೀಲಗಳನ್ನಿಟ್ಟು, ಒಳಗೆ ಒಣ ಟಿಶ್ಯೂ ಕಾಗದ ಹಾಸಿ ಮುಚ್ಚಬೇಕು. ದೊಡ್ಡ ಟಬ್ಬಿನಲ್ಲಿ ತೇಲಿಬಿಟ್ಟು, ಮೊದಲು ಹ್ಯಾಚ್ ಮೇಲೆ ನೀರು ಸುರಿಯದೆ ಅರ್ಧ ಗಂಟೆ ಬಿಡಬೇಕು. ಆಗಲೇ ಕಾಗದ ಒದ್ದೆಯಾದರೆ ದೋಷ ಹ್ಯಾಚ್‌ನದಲ್ಲ, ಪ್ರೊಪೆಲರ್ ದಂಡ ಹಾಯುವ ಕೊಳವೆ ಅಥವಾ ಚುಕ್ಕಾಣಿಯ ದಂಡದ್ದು. ಕಾಗದ ಒಣಗಿದ್ದರೆ ಮುಂದೆ ಮಗ್ಗಿನಿಂದ ನೀರು ಸುರಿದು, ದೋಣಿಯನ್ನು ಎರಡೂ ಬದಿಗೆ ವಾಲಿಸಿ ನೋಡಬೇಕು. ಕಾಗದದ ಯಾವ ಭಾಗ ಒದ್ದೆಯಾಗಿದೆ ಎಂಬುದೇ ಸೋರುವ ಮೂಲೆಯನ್ನು ತೋರಿಸುತ್ತದೆ.

ಸೋರಿದರೂ ಮುಳುಗದಂತೆ

ಯಾವ ಮುಚ್ಚಳವೂ ಎಂದೆಂದಿಗೂ ಸೋರದು ಎಂಬ ಭರವಸೆ ಇಲ್ಲ. ಆದ್ದರಿಂದ ಒಡಲಿನ ಖಾಲಿ ಜಾಗದಲ್ಲಿ ತೇಲುವ ಫೋಮ್ ತುಂಬುವುದು ಅಗತ್ಯ. ನೀರಿನಲ್ಲಿ ಮುಳುಗಿದ 1 ಲೀಟರ್ ಫೋಮ್ ತನ್ನ ಅಲ್ಪ ತೂಕ ಕಳೆದು ಸುಮಾರು 1 ಕೆ.ಜಿ. ಭಾರವನ್ನು ಎತ್ತಿಹಿಡಿಯುತ್ತದೆ. 3 ಕೆ.ಜಿ. ದೋಣಿಗೆ 3 ಲೀಟರಿಗಿಂತ ತುಸು ಹೆಚ್ಚು ಫೋಮ್ ಇದ್ದರೆ ಒಡಲು ಪೂರ್ತಿ ತುಂಬಿದರೂ ಅದು ತಳ ಸೇರುವುದಿಲ್ಲ. ಥರ್ಮೊಕೋಲ್ ಅಗ್ಗವಾದರೂ ಪೆಟ್ರೋಲ್, ಪಾಲಿಯೆಸ್ಟರ್ ರೆಸಿನ್ ತಾಗಿದರೆ ಕರಗುತ್ತದೆ. ಪಾಲಿಥಿಲೀನ್ ಫೋಮ್ ಹೆಚ್ಚು ಸುರಕ್ಷಿತ. ರಿಸೀವರನ್ನು ಒಡಲಿನ ತಳದಲ್ಲಿಡದೆ ಎತ್ತರದಲ್ಲಿ ಕೂರಿಸಬೇಕು. ಈಗ ಬಳಕೆಯಲ್ಲಿರುವ 2.4 ಗಿಗಾಹರ್ಟ್ಸ್ ಸಂಕೇತ ನೀರನ್ನು ದಾಟಲಾರದು, ಆದ್ದರಿಂದ ಅದರ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲಿರಲೇಬೇಕು.

ರಾಷ್ಟ್ರೀಯ ಕೆಡೆಟ್ ದಳದ ನೌಕಾ ವಿಭಾಗದಲ್ಲಿ ಹಡಗು ಮಾದರಿ ತಯಾರಿಕೆ ತರಬೇತಿಯ ಭಾಗವಾಗಿದ್ದು, ಅಖಿಲ ಭಾರತ ನೌ ಸೈನಿಕ ಶಿಬಿರದಲ್ಲಿ ಅದು ಸ್ಪರ್ಧೆಯ ವಿಷಯವೂ ಹೌದು. ಮಂಗಳೂರು, ಉಡುಪಿ ಸೇರಿದಂತೆ ರಾಜ್ಯದಲ್ಲಿಯೂ ಇದರ ಘಟಕಗಳಿವೆ. ಇತ್ತೀಚಿನ ವರ್ಷಗಳಲ್ಲಿ ಸಿದ್ಧ ದೋಣಿಗಳು ಆಟಿಕೆ ಅಂಗಡಿಗಳಲ್ಲೂ ದೊರೆಯುತ್ತಿರುವುದರಿಂದ ತರಬೇತಿಯಿಲ್ಲದ ಮಕ್ಕಳ ಕೈಗೂ ಅವು ಬರುತ್ತಿವೆ. ಕೊಳ್ಳುವವರು ವೇಗವನ್ನು ವಿಚಾರಿಸುವ ಮೊದಲು ಮುಚ್ಚಳ ತೆರೆದು, ಅದರ ಸುತ್ತ ಕಟ್ಟೆಯಿದೆಯೇ, ಗ್ಯಾಸ್ಕೆಟ್ ಇದೆಯೇ, ಕೊಂಡಿ ಅದನ್ನು ಒತ್ತಿ ಹಿಡಿಯುತ್ತದೆಯೇ ಎಂಬ ಮೂರು ಅಂಶಗಳನ್ನು ನೋಡಿಕೊಳ್ಳಬೇಕು.

ದೋಣಿ ಬಿಡಲು ಅನುಮತಿಯಿರುವ, ಆಳ ಕಡಿಮೆಯಿರುವ ನೀರನ್ನೇ ಆರಿಸಿಕೊಳ್ಳಬೇಕು. ಗಾಳಿ ದಡದ ಕಡೆಗೆ ಬೀಸುವ ಬದಿಯಲ್ಲಿ ನಿಂತು ನಡೆಸಿದರೆ ಕೆಟ್ಟ ದೋಣಿ ತಾನಾಗಿ ಹತ್ತಿರ ಬರುತ್ತದೆ. ಬಾರದಿದ್ದರೆ ಗಾಳದ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ದೋಣಿಯಾಚೆಗೆ ಎಸೆದು ಎಳೆದುಕೊಳ್ಳುವುದು ಹವ್ಯಾಸಿಗಳ ಹಳೆಯ ಉಪಾಯ. ಅದೂ ಫಲಿಸದಿದ್ದರೆ ಕಾಯಬೇಕು, ಇಲ್ಲವೇ ಬಿಟ್ಟುಬರಬೇಕು. ಒಳಗೆ ಫೋಮ್ ಇರುವ ದೋಣಿ ಮರುದಿನವೂ ತೇಲುತ್ತಿರುತ್ತದೆ. ಅದಕ್ಕಾಗಿ ಯಾರೂ ನೀರಿಗಿಳಿಯುವ ಅಗತ್ಯವಿಲ್ಲ.